ಇಲ್ಲೇ ಇರುವ

ಟೀಚರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ದಪ್ಪ. ತುದಿಯಲ್ಲಿ ಸ್ವಲ್ಪ ಹಳದಿ, ಒಂದು ಬದಿಗೆ ಸವೆದಿತ್ತು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ತಾಯಿಯ ಪಕ್ಕ ಕೂತು ಬೀಡಿ ಕಟ್ಟಿದ ಉಗುರು ಅದು. ಬೀಡಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೆರಳು ಮರೆತಿರಲಿಲ್ಲ. ಚೀಟಿಯಾಗಲಿ, ಬಸ್ಸಿನ ಟಿಕೆಟಾಗಲಿ, ಕೈಗೆ ಬಂದ ಕಾಗದವನ್ನು ಸುರುಳಿ ಸುತ್ತಿ, ಬೀಡಿಯ ಬಾಯಿ ಮುಚ್ಚುವ ಹಾಗೆ ತುದಿಯನ್ನು ಉಗುರಿನಿಂದ ಒಳಗೆ ಮಡಚಿಬಿಡುತ್ತಿದ್ದರು. ಯಾರಾದರೂ ನಕ್ಕರೆ, "ಎಂತ ಮಾಡುವುದು, ಬೆರಳಿಗೆ ರಿಟೈರ್ಮೆಂಟ್ ಇಲ್ಲ ಅಲ್ವಾ" ಎನ್ನುತ್ತಿದ್ದರು.

ನಾವು ಬಾಗಲಕೋಟೆ ಕಡೆಯವರು. ನನ್ನ ಗಂಡ ಕಾರ್ಕಳದ ಹತ್ತಿರ ಕಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ನಾನು ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿದ್ದೇನೆ. ಕಾಪುವಿನಲ್ಲಿ ಸಾಲಾಗಿರುವ ಬಾಡಿಗೆ ಕೋಣೆಗಳಲ್ಲಿ ಒಂದು ನಮ್ಮದು. ಈ ಊರಿಗೆ ಬಂದ ವರ್ಷವೇ ಮಗಳಿಗೆ ಆರು ತುಂಬಿತು. ಹೆದ್ದಾರಿಯ ಪಕ್ಕದ ದೊಡ್ಡ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ನಾವಿಬ್ಬರೂ ಬಹಳ ಆಸೆಪಟ್ಟೆವು. ಅರ್ಜಿ ಕೊಟ್ಟು, ಅದೇ ವಾರ ಮಗಳಿಗೆ ಕಪ್ಪು ಶೂ ತಂದೆವು.

ಮೊದಲ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ನಾನು ಆಫೀಸಿನ ಕಿಟಕಿಯ ಮುಂದೆ ನಿಂತು ಕೇಳಿದೆ. ಒಳಗಿದ್ದ ಗುಮಾಸ್ತರು ತಲೆ ಎತ್ತದೆ, "ಯಾರಾದರೂ ಬಿಟ್ಟರೆ ನೋಡುವ" ಎಂದರು. ನಾನು ಕಾದೆ. ನೋಡುವ ಅಂದ ಮೇಲೆ ಮುಂದೆ ಏನಾದರೂ ಬರಬೇಕಲ್ಲ. ನೋಡುವ ದಿನವೋ, ನೋಡುವ ಜಾಗವೋ. ಅವರು ನನ್ನ ಹಿಂದೆ ನಿಂತವರನ್ನು ಕರೆದರು. ಕೆಲಸದ ಗಡಿಬಿಡಿಯಲ್ಲಿ ಮಾತು ಅರ್ಧಕ್ಕೇ ನಿಂತಿತೆಂದುಕೊಂಡು ಮನೆಗೆ ಬಂದೆ.

"ಏನಂದ್ರು?" ಎಂದು ಗಂಡ ಫೋನಿನಲ್ಲಿ ಕೇಳಿದರು.

"ಇನ್ನಾ ಪೂರಾ ಹೇಳಿಲ್ರಿ" ಎಂದೆ.

ಹೀಗೆ ಮೂರು ಸಲ ಹೋದೆ. ಮೂರು ಸಲವೂ ಅದೇ ಅರ್ಧ ಮಾತು. ಅಷ್ಟರಲ್ಲಿ ಎಲ್ಲ ಶಾಲೆಗಳೂ ಶುರುವಾದವು. ಮಗಳನ್ನು ಬಿಟ್ಟುಹೋಗಲು ಜನವಿಲ್ಲದೆ ನಾನು ಕೆಲಸಕ್ಕೆ ರಜೆ ಹಾಕಿದೆ. ನಮ್ಮ ಕೋಣೆಗೆ ಇರುವುದು ಒಂದೇ ಕಿಟಕಿ. ಅದನ್ನು ತೆರೆದರೆ ಮೊಳದ ದೂರದಲ್ಲಿ ಪಕ್ಕದವರ ಕಾಂಪೌಂಡ್ ಗೋಡೆ. ಹೊರಗೆ ಮಳೆ, ಒಳಗೆ ನಾವಿಬ್ಬರು. ಬೇರೆ ಶಾಲೆಗೆ ಹಾಕಿದರೆ ಇಲ್ಲಿ ಸಿಗುವುದು ತಪ್ಪಿಹೋದೀತೆಂಬ ಹೆದರಿಕೆ, ಹಾಕದಿದ್ದರೆ ವರ್ಷವೇ ಹೋದೀತೆಂಬ ಹೆದರಿಕೆ. ಮಗಳು ದಿನಾ ಬೆಳಿಗ್ಗೆ ಶೂ ಹಾಕಿಕೊಂಡು ಹೊಸ್ತಿಲಲ್ಲಿ ಕೂರುತ್ತಿದ್ದಳು. ಅವಳ ಮುಖ ನೋಡಲಾರದೆ ನಾನು ಗೋಡೆ ನೋಡುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಕೊಡೆ ಹಿಡಿದು ಟೀಚರು ಬಂದರು. ಹತ್ತು ನಿಮಿಷದ ದಾರಿಯಲ್ಲಿದ್ದ ಸಣ್ಣ ಸರಕಾರಿ ಕನ್ನಡ ಶಾಲೆಯನ್ನು ನಡೆಸುತ್ತಿದ್ದವರು ಅವರು. ಮಕ್ಕಳನ್ನು ಹುಡುಕಿಕೊಂಡು ಮನೆಮನೆ ತಿರುಗುತ್ತಿದ್ದರು.

"ಯಾವ ಶಾಲೆ ಮಗಾ?"

"ಇನ್ನಾ ಹೇಳಿಲ್ಲ" ಎಂದಳು ಮಗಳು.

ನಾನು ಹೊರಗೆ ಬಂದು ವಿವರಿಸಿದೆ. "ಆಫೀಸಿನ್ಯಾವ್ರು 'ನೋಡುವ' ಅಂದಾರ್ರೀ. ಮುಂದ ಹೇಳಿಲ್ಲ. ನಾಳೆ ಮತ್ತ ಹೋಗಿ ಕೇಳ್ಬೇಕು."

ಟೀಚರಿಗೆ ನಗು ಬಂತು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಕೊಡೆ ಮಡಚಿ, ಮಗಳ ಪಕ್ಕದಲ್ಲೇ ಹೊಸ್ತಿಲಲ್ಲಿ ಕೂತರು.

"ಅಮ್ಮ, ಅವರು ಹೇಳಿ ಆಯ್ತು. ನಮ್ಮಲ್ಲಿ ನೋಡುವ ಅಂದರೆ ನೋಡೋಣ ಅಂತ ಅರ್ಥ. ಅಷ್ಟೇ. ಅದರ ಹಿಂದೆ ಎಂತ ಇಲ್ಲ."

ಒಂದು ತಿಂಗಳು ನಾನು ಕಾದದ್ದು ಇಲ್ಲದ ಮಾತಿಗೆ. ನಾಚಿಕೆಯಿಂದ ಕಣ್ಣೀರು ಬಂತು. ಟೀಚರು ಸಮಾಧಾನ ಹೇಳಲಿಲ್ಲ. ಮಗಳನ್ನು ಒಳಗಿನಿಂದ ನೀರು ತರಲು ಕಳಿಸಿ, ತಗ್ಗಿದ ದನಿಯಲ್ಲಿ ಹೇಳಿದರು.

"ನೋಡಿ, ನಾನು ಸುಮ್ಮನೆ ಬಂದದ್ದಲ್ಲ. ನನ್ನ ಶಾಲೆಯಲ್ಲಿ ಹತ್ತೇ ಮಕ್ಕಳು. ಇನ್ನೂ ಕಮ್ಮಿ ಆದರೆ ಬಾಗಿಲು ಹಾಕ್ತಾರೆ. ನಿಮ್ಮ ಮಗಳು ಬಂದರೆ ನನಗೂ ಉಪಕಾರ, ಅದು ನಿಮಗೆ ಗೊತ್ತಿರಲಿ. ಅಲ್ಲಿ ಕೊಟ್ಟ ಅರ್ಜಿ ಹಿಂದೆ ತೆಗೆಯಬೇಡಿ, ಅದು ಅಲ್ಲೇ ಇರಲಿ. ಆದರೆ ಮಗು ಮನೆಯಲ್ಲಿ ಕೂರುವುದು ಬೇಡ. ಮತ್ತೊಂದು, ಅವಳ ಎದುರು ಶಾಲೆ ಸಿಗಲಿಲ್ಲ ಅಂತ ಹೇಳಬೇಡಿ. ಅವಳೆಂತ ಫೇಲ್ ಆದದ್ದಾ?"

ಮಗಳು ನೀರು ತಂದಳು. ಟೀಚರು ಕುಡಿದು, "ಹೋಗುವನಾ ಮಗಾ?" ಎಂದರು. ಅವಳು ಆಗಲೇ ಶೂ ಹಾಕಿಕೊಂಡಿದ್ದಳು.

ಹನ್ನೊಂದನೆಯ ಮಗುವಾಗಿ ಸೇರಿದಳು. ಉಳಿದ ಮಕ್ಕಳೆಲ್ಲ ಚಪ್ಪಲಿಯವರು, ಇವಳೊಬ್ಬಳೇ ಶೂ. ನಾನು ಬಿಚ್ಚಿಸಲು ಹೋದರೆ ಟೀಚರು ಬಿಡಲಿಲ್ಲ. "ಆಸೆಯಿಂದ ತಂದದ್ದು, ಹಾಕಲಿ ಬಿಡಿ" ಎಂದರು. ಮಳೆಯಲ್ಲಿ ನೆನೆದ ಶೂಗಳಿಗೆ ಹಳೆಯ ಪೇಪರನ್ನು ಸುರುಳಿ ಮಾಡಿ, ತುದಿ ಮಡಚಿ, ಒಳಗೆ ತುರುಕಿ ಒಣಗಿಸುತ್ತಿದ್ದರು. ಸಂಜೆ ನನ್ನ ಬಸ್ಸು ತಡವಾದರೆ ಮಗಳನ್ನು ಕೂರಿಸಿಕೊಂಡು ಕಾಯುತ್ತಿದ್ದರು. ನಾನು ಕೈ ಮುಗಿದರೆ, "ಹೋಗಿ ಮಾರಾಯ್ರೆ, ನನಗೂ ಮನೆಯಲ್ಲಿ ಟಿವಿ ಬಿಟ್ಟರೆ ಯಾರುಂಟು" ಎನ್ನುತ್ತಿದ್ದರು. ವರ್ಷ ಮುಗಿಯುವಷ್ಟರಲ್ಲಿ ಮಗಳು ನನಗಿಂತ ಚೆನ್ನಾಗಿ ಈ ಊರಿನ ಮಾತು ಕಲಿತಳು. ಮನೆಯಲ್ಲಿ "ಉಣ್ಣುವ", "ಮಲಗುವ" ಎನ್ನುವಳು. ಗಂಡ ಬಂದಾಗ, "ಮಲಗುವ ಯಾರವಾ?" ಎಂದು ಅವಳನ್ನು ಕಾಡಿಸುತ್ತಿದ್ದರು.

ಮರುವರ್ಷ ಶಾಲೆ ಶುರುವಾದ ವಾರ ದೊಡ್ಡ ಶಾಲೆಯ ಗುಮಾಸ್ತರು ಫೋನು ಮಾಡಿದರು. ಯಾರೋ ಗಲ್ಫಿಗೆ ಹೋದರಂತೆ. ಎರಡನೆಯ ತರಗತಿಯಲ್ಲಿ ಒಂದು ಸೀಟು ಉಂಟು, ನಾಳೆ ಸಂಜೆಯ ಒಳಗೆ ಟಿಸಿ ತನ್ನಿ ಎಂದರು. ಈ ಸಲ ಮಾತು ಪೂರ್ತಿಯಾಗಿತ್ತು.

"ಬಿಡಬ್ಯಾಡ. ಮತ್ತ ಸಿಗೂದಿಲ್ಲ" ಎಂದರು ಗಂಡ. ನನಗೂ ಬಿಡುವ ಮನಸ್ಸಿರಲಿಲ್ಲ. ಆದರೂ ಟೀಚರಿಗೆ ಹೇಳುವಾಗ ಗೋಡೆ ನೋಡುತ್ತಿದ್ದೆ. ಅವರು ಎಲ್ಲ ಕೇಳಿಸಿಕೊಂಡು ಮಗಳನ್ನು ಹತ್ತಿರ ಕರೆದರು.

"ಎಂತ ಮಾಡುವ ಮಗಾ?"

ಮಗಳು ಅವರ ಸೆರಗು ಹಿಡಿದುಕೊಂಡು ಹೇಳಿದಳು: "ಇಲ್ಲೇ ಇರುವ."

ನನಗೆ ಅರ್ಥವಾಯಿತು. ಒಂದು ವರ್ಷದಿಂದ ಆ ಮಾತಿನ ಜೊತೆಗೇ ಬದುಕಿದ್ದೆ. ಆದರೆ ಅರ್ಥವಾಗದವಳ ಹಾಗೆ, "ಇಲ್ಲೇ ಇರುವ ಏನು? ಪೂರಾ ಹೇಳವಾ" ಎಂದೆ.

ಮಗಳು ಸೆರಗು ಬಿಟ್ಟಳು. ಟೀಚರು ನನ್ನನ್ನೇ ನೋಡಿದರು. ಬೀರು ತೆರೆದು, ಟಿಸಿ ಪುಸ್ತಕ ತೆಗೆದು, ದುಂಡಗೆ ಬರೆದು, ಹರಿದು, ಸುರುಳಿ ಸುತ್ತಿ, ತುದಿಗಳನ್ನು ಉಗುರಿನಿಂದ ಒಳಗೆ ಮಡಚಿ ನನ್ನ ಕೈಗೆ ಕೊಟ್ಟರು. "ಮಳೆಗೆ ಹಿಡಿಯಬೇಡಿ, ಶಾಯಿ ಹೋಗ್ತದೆ" ಎಂದರು.

ಅದರ ಮರುವರ್ಷ ಆ ಶಾಲೆಗೆ ಬೀಗ ಬಿತ್ತು. ನಿಮ್ಮೊಬ್ಬರಿಂದ ಅಲ್ಲ, ಆಮೇಲೆ ಇನ್ನೂ ನಾಲ್ಕು ಮಕ್ಕಳು ಬಿಟ್ಟರು ಎಂದು ಅಕ್ಕಪಕ್ಕದವರು ಹೇಳಿದರು. ಇರಬಹುದು. ಮೊದಲು ಹೋದವರು ನಾವು.

ಟೀಚರಿಗೆ ಕಾರ್ಕಳದ ಕಡೆಗೆ ವರ್ಗವಾಯಿತು. ಕಳೆದ ವರ್ಷ ಗಂಡನಿಗೆ ಜ್ವರವೆಂದು ನಾನು ಕ್ವಾರಿಗೆ ಹೋಗುವಾಗ ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ತುಂಬ ಇಳಿದುಹೋಗಿದ್ದರು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು. ನಾನು ಕಾಯಿಲೆ ಏನೆಂದು ಕೇಳುವ ಮೊದಲೇ, "ಮಗಳು ಹೇಗಿದ್ದಾಳೆ? ಈಗ ಶೂ ಸೈಜ್ ಎಷ್ಟು?" ಎಂದರು.

ಇನ್ನು ಇಟ್ಟುಕೊಳ್ಳಲಾರದೆ ಹೇಳಿಬಿಟ್ಟೆ. "ಟೀಚರ್ರೀ, ಆವತ್ತ ಆಕಿ ಅಂದದ್ದು ನನಗ ತಿಳಿದಿತ್ರಿ."

"ನನಗೆ ಗೊತ್ತುಂಟು" ಎಂದರು.

ಉಡುಪಿಯ ಬಸ್ಸು ಬಂತು. ಹತ್ತುವವರ ನೂಕಾಟದಲ್ಲಿ ಅವರು ನನ್ನ ಕೈ ಒಮ್ಮೆ ಒತ್ತಿದರು. "ಒಂದು ದಿನ ಅವಳನ್ನೂ ಕರಕೊಂಡು ಮನೆಗೆ ಬನ್ನಿ. ಕೂತು ಮಾತಾಡುವ" ಎಂದು ಹೇಳಿ ಹತ್ತಿದರು.

ನಾಳೆ, ಮುಂದಿನ ಐತವಾರ ಎನ್ನುತ್ತ ನಾನು ಹೋಗಲಿಲ್ಲ. ಹೋದದ್ದು ಅವರು ತೀರಿಕೊಂಡ ದಿನ. ಮಗಳೂ ಬಂದಿದ್ದಳು, ಈಗ ಅವಳಿಗೆ ಐದನೆಯ ತರಗತಿ. ಬಾಗಿಲ ಹೊರಗೆ ಶೂ ಬಿಚ್ಚಿಟ್ಟು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಹೊರಡುವ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

ಕೂತು ಮಾತಾಡುವ. ಅದರ ಹಿಂದೆ ಎಂತ ಇಲ್ಲ ಎಂದು ನನಗೆ ಕಲಿಸಿದವರು ಅವರೇ. ಆದರೂ ಆ ಮೊದಲ ವರ್ಷ ಆಫೀಸಿನ ಕಿಟಕಿಯ ಮುಂದೆ ನಿಂತ ಹಾಗೆಯೇ ನಿಂತಿದ್ದೇನೆ, ಮುಂದೆ ಏನಾದರೂ ಹೇಳಿಯಾರು ಎಂದು.