ಅಕ್ಕನ ಕೋಳಿಗಳು, ಬೆಟ್ಟದ ಚಿರತೆ

ಕೋಳಿಗಳ ಮೇಲೆ ನನಗೆ ಎಂದೂ ಅಕ್ಕರೆ ಇರಲಿಲ್ಲ. ಅವು ಅಕ್ಕನವು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಕರೆದರೆ ಬಾರದ, ಕರೆಯದಿದ್ದರೆ ಪಡಸಾಲೆಗೇ ಬಂದು ನಿಲ್ಲುವ ಪ್ರಾಣಿಯನ್ನು ಯಾವ ಸೂತ್ರಕ್ಕೂ ಹೊಂದಿಸಲಾರದೆ ಕೈಬಿಟ್ಟಿದ್ದೆ. ಶಹಾಪುರದ ಬೆಟ್ಟದ ಬುಡದ ಆ ಮನೆಯಲ್ಲಿ ನಾವಿಬ್ಬರೇ ಇದ್ದೆವು: ಮದುವೆಯಾಗದ ನಾನು, ಗಂಡನನ್ನು ಬೇಗ ಕಳೆದುಕೊಂಡ ಅವಳು. ಮಾತೆಲ್ಲ ಅವಳ ಪಾಲು, ಮೌನ ನನ್ನ ಪಾಲು. ನೆರೆಹೊರೆಯವರನ್ನು ವಿಚಾರಿಸಿಕೊಂಡು ಬರುವ ಕೆಲಸವನ್ನೂ ಅವಳಿಗೇ ವಹಿಸಿ ಆರಾಮಾಗಿದ್ದೆ. ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾನು, ಒಂದು ಹುಂಜ, ಕೆಲವು ಹೇಂಟೆಗಳು.

ಮಾರಿಬಿಡೋಣವೆಂದುಕೊಂಡೆ. ಆದರೆ ಸಂಜೆ ಶಾಲೆಯಿಂದ ಬಂದು ಗೇಟು ತೆಗೆದರೆ ಓಡಿಬರುವ ಜೀವಗಳೆಂದರೆ ಅವೇ. ನನಗಾಗಿ ಅಲ್ಲ, ಜೋಳದ ನುಚ್ಚಿಗಾಗಿ. ಅದು ಗೊತ್ತಿದ್ದೂ ಹಿತವಾಗುತ್ತಿತ್ತು. ಒಂಟಿಯಾದವರು, ಓಡಿಬರುವವರ ಉದ್ದೇಶವನ್ನು ಹೆಚ್ಚು ಕೆದಕಬಾರದು.

ನಮ್ಮ ಬೆಟ್ಟ ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ನೋಡಲು ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬುಡದಲ್ಲೇ ಇರುವವರಿಗೆ ಬುದ್ಧ ಕಾಣುವುದಿಲ್ಲ. ಬಂಡೆ ಕಾಣುತ್ತದೆ, ಪೊದೆ ಕಾಣುತ್ತದೆ, ಅಪರೂಪಕ್ಕೆ ಚಿರತೆ. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಅದು ಹಿತ್ತಲ ಗೋಡೆಯ ಮೇಲೆ ಕುಳಿತಿತ್ತು. ನಾನು ನುಚ್ಚಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬೆಕ್ಕಿನಂತೆ ಸದ್ದಿಲ್ಲದೆ ಇಳಿದು, ಹುಂಜವನ್ನು ಕಚ್ಚಿಕೊಂಡು, ಮತ್ತೆ ಗೋಡೆ ಹಾರಿ ಹೋಯಿತು. ಇಡೀ ತರಗತಿಯನ್ನು ಒಂದೇ ಗದರಿಕೆಗೆ ಕೂರಿಸುವ ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಹಿಂದೆ ಸರಿದೆ. ಒಳಗೆ ಬಂದು ಅಗಳಿ ಹಾಕಿ, ಇದನ್ನು ಯಾರಿಗೆ ಹೇಳಲಿ ಎಂದು ಯೋಚಿಸಿದೆ. ಹೆದರಿಕೆಗಿಂತ ಆ ಪ್ರಶ್ನೆಯೇ ದೊಡ್ಡದಾಯಿತು.

ಮರುದಿನ ಹುಂಜದ ಕೂಗಿಲ್ಲದೆಯೂ ಬೆಳಗಾಯಿತು. ಆಗಬಾರದಿತ್ತು ಎನ್ನಿಸಿತು. ಅಕ್ಕ ಹೋದ ಮರುದಿನವೂ ಹಾಗೇ ಆಗಿತ್ತು.

ವಿಷಯ ತಿಳಿಸಿದ ಮೇಲೆ ಅರಣ್ಯ ಇಲಾಖೆಯ ಕಾವಲುಗಾರ ಬಂದು ಗೋಡೆ ನೋಡಿದ. ಅಕ್ಕ ಕೋಳಿಗಳನ್ನು ಮುಚ್ಚಿಡುತ್ತಿದ್ದ ಬಿದಿರಿನ ಬುಟ್ಟಿಯನ್ನೂ ನೋಡಿ, "ಇದು ಬೆಕ್ಕಿಗಿ ಸಾಕ್ರಿ, ಚಿರತಿಗಲ್ಲ. ಅದು ಮ್ಯಾಲಿಂದ ಬರ್ತದ, ನರಿ ಕೆಳಗ ಕೆದರ್ತದ. ಎರಡೂ ಕಡಿ ಬಂದೋಬಸ್ತ ಮಾಡ್ರಿ. ಹೊತ್ತು ಮುಳಗೂದ್ರೊಳಗ ಎಲ್ಲಾ ಒಳಗಿರಬೇಕು," ಎಂದ. ವೆಲ್ಡಿಂಗ್ ಅಂಗಡಿಯ ಇಸ್ಮಾಯಿಲ್‌ಗೆ ಕಬ್ಬಿಣದ ಗೂಡು ಮಾಡಲು ಹೇಳಿದೆ. ಅಲ್ಲಿಯತನಕ ಇವನ್ನು ಎಲ್ಲಿಡುವುದು ಎಂದು ಯೋಚಿಸುತ್ತ ನಿಂತಾಗ ಹಿಂದಿನ ಮನೆಯ ಭೀಮವ್ವ ಗೋಡೆಯಾಚೆಯಿಂದ ಮುಖ ತೋರಿಸಿದಳು.

"ಟೀಚರ್ರ, ಗೂಡ ಆಗೋತನಕ ನಮ್ಮ ಆಡಿನ ಕೋಣ್ಯಾಗ ಬಿಡ್ರಿ. ಕಲ್ಲಿನ ಗ್ವಾಡಿ ಅದ, ತಗಡಿನ ಬಾಗಲಾ ಅದ."

ಅಕ್ಕ ದಿನವೂ ಮಾತಾಡುತ್ತಿದ್ದ ಹೆಂಗಸು ಇವಳು. ಇಷ್ಟು ವರ್ಷ ನಾನು ತಲೆಯಾಡಿಸುವುದರಾಚೆ ಹೋಗಿರಲಿಲ್ಲ.

ಹೀಗೆ ಪ್ರತಿ ಸಂಜೆ ಕೋಳಿಬುಟ್ಟಿ ಹೊತ್ತು ಓಣಿ ಸುತ್ತಿ ಅವಳ ಮನೆಗೆ ಹೋಗತೊಡಗಿದೆ. ಟೀಚರ್ ಕೋಳಿ ವ್ಯಾಪಾರಕ್ಕೆ ಇಳಿದಿದ್ದಾರೆಂದು ಶಾಲೆಯಲ್ಲಿ ಸುದ್ದಿಯೂ ಆಯಿತು. ಕೋಳಿಗಳು ಆಡುಗಳ ನಡುವೆ ಜಾಗ ಹುಡುಕಿಕೊಳ್ಳುವಷ್ಟರಲ್ಲಿ ನನ್ನ ಕೈಗೆ ಚಹಾ ಬರುತ್ತಿತ್ತು. ಹತ್ತಿಯ ಹೊಲದಿಂದ ದಣಿದು ಬಂದ ಭೀಮವ್ವ ಕಾಲು ಚಾಚಿ ಕುಳಿತು ಮಾತಾಡುವಳು, ನಾನು ಹೂಂಗುಟ್ಟುವೆ. ಒಂದು ದಿನ ಅವಳೆಂದಳು, "ನಿಮ್ಮಕ್ಕ ಬರೇ ನಿಮ್ಮ ಸುದ್ದಿನೇ ಹೇಳ್ತಿದ್ರು. ನಮ್ಮ ತಂಗಿಗಿ ಲೆಕ್ಕ ಬರ್ತದ ಭೀಮವ್ವ, ಮಂದಿ ಕೂಡ ಮಾತಾಡಾಕ ಬರಂಗಿಲ್ಲ, ನಾ ಹೋದ ಮ್ಯಾಲ ಹ್ಯಾಂಗೋ ಅಂತ."

ಅಲ್ಲಿ ನಕ್ಕೆ. ಮನೆಗೆ ಬಂದ ಮೇಲೆ ಅಳು ಬಂತು.

ಗೂಡು ಬೇಗನೆ ತಯಾರಾಗಿ ಹಿತ್ತಲಲ್ಲಿ ನಿಂತಿತು, ಬಾಗಿಲೊಂದು ಬಾಕಿ. "ಯಾವತ್ತ ಬಂದು ಹಚ್ಚಲ್ರಿ?" ಎಂದು ಇಸ್ಮಾಯಿಲ್ ಫೋನು ಮಾಡಿದ. ಹಬ್ಬ ಮುಗಿಯಲಿ ಎಂದೆ. ಮತ್ತೆ ಮಾಡಿದ. ಮಳೆ ನಿಲ್ಲಲಿ ಎಂದೆ. ಮಳೆ ಇನ್ನೂ ಶುರುವೇ ಆಗಿರಲಿಲ್ಲ. ಅವನು ಸಭ್ಯ, ಆ ಮಾತು ಎತ್ತಲಿಲ್ಲ. ಕೊನೆಗೆ ತನ್ನ ಅಂಗಡಿಯಲ್ಲಿ ಜಾಗವಿಲ್ಲವೆಂದು ತಾನೇ ಬಂದು ಬಾಗಿಲು ಕೂರಿಸಿ ಹೋದ.

ಮೇಲೆ ಜಾಲರಿ, ಕೆಳಗೆ ಪರಸಿ ಕಲ್ಲು, ನಡುವೆ ನೆಮ್ಮದಿ. ಆ ಸಂಜೆ ಕೋಳಿಗಳು ನಾನು ಕರೆಯುವ ಮುಂಚೆಯೇ ಹೊಸಮನೆಗೆ ನಡೆದು ಸಾಲಾಗಿ ಕುಳಿತವು. ಚಿಲಕ ಹಾಕಿದೆ. ಬೆಳಕು ಇನ್ನೂ ಬಹಳ ಉಳಿದಿತ್ತು. ಒಳಗೆ ಹೋಗಿ ಉತ್ತರಪತ್ರಿಕೆ ತೆಗೆದೆ, ಮುಚ್ಚಿಟ್ಟೆ. ಚಹಾಕ್ಕೆ ನೀರಿಟ್ಟೆ, ಒಲೆ ಆರಿಸಿದೆ. ಕೊನೆಗೆ ಚಪ್ಪಲಿ ಮೆಟ್ಟಿ ಓಣಿ ಸುತ್ತಿ ಹೋಗಿ ಭೀಮವ್ವನ ಬಾಗಿಲಲ್ಲಿ ನಿಂತೆ. ಅವಳು ನನ್ನ ಖಾಲಿ ಕೈ ನೋಡಿದಳು.

"ಕೋಳಿ ಎಲ್ಲಿ ಅವ್ರಿ?"

"ಗೂಡಿನ್ಯಾಗ ಅವ. ಬಾಗಲಾ ಹಚ್ಚಿ ಹೋದ."

"ಮತ್ತ ನೀವು?"

ನಮ್ಮ ಕಡೆಯ ಮಾತು ಹೀಗೇ, ಸುತ್ತಿ ಬಳಸಿ ಬರುವುದಿಲ್ಲ. ಸಕ್ಕರೆ ಮುಗಿದಿದೆ, ಸೂಜಿ ಬೇಕಿತ್ತು, ಹೀಗೆ ನೆಪಗಳೇನೋ ಸಾಲುಗಟ್ಟಿ ನೆನಪಾದವು. ಒಂದೂ ಬಾಯಿಗೆ ಬರಲಿಲ್ಲ.

"ಹಂಗ ಬಂದೆ," ಎಂದೆ.

"ಹಂಗ ಬಂದ್ರ ಒಳಗ ಬರ್ರಿ. ಬಾಗಲದಾಗ ಯಾಕ ನಿಂತೀರಿ," ಎಂದು ಭೀಮವ್ವ ಸರಿದು ಚಾಪೆಯಲ್ಲಿ ಜಾಗ ಮಾಡಿದಳು.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಂಗ ಬಂದೆ: ಎರಡೇ ಪದದ ಮಾತು ಅದು. ಚಿಕ್ಕ ಮಕ್ಕಳೂ ದಿನಕ್ಕೆ ಹತ್ತು ಸಲ ಆಡುತ್ತವೆ. ನನಗೆ ಮಾತ್ರ ಅದು ಬಾಯಿಗೆ ಬರಲು ಐವತ್ತು ದಾಟಬೇಕಾಯಿತು.