ಸ್ಪಿರಿಟ್ ಸೀಸೆಗೆ ಬೆರೆಸಿದ ನೀರು

ಮಕ್ಕಳೇ, ನಿಮ್ಮ ಗೌರಜ್ಜಿಯ ಓದು ನಿಂತದ್ದು ನನ್ನಿಂದ. ಇದನ್ನು ನಿಮ್ಮ ತಾತನಿಗೂ ಹೇಳಲಿಲ್ಲ — ಅವರು ಹೋದ ಮೇಲೂ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಾಗಲೂರಿನ ಹತ್ತಿರ ಒಬ್ಬ ಸಾಹುಕಾರರು ಮೀನುಮರಿ ಮಾಡಿಸಲು ಕೊಳಗಳನ್ನು ತೋಡಿಸಿದ್ದರು. ತಾತ ಅಲ್ಲಿ ಕಾವಲಿಗಿದ್ದರು. ಮೀನಿಗೆ ಹಿಂಡಿ, ತೌಡು ಹಾಕುತ್ತಿದ್ದವರು ನಾನು ಮತ್ತು ತಾತನ ತಂಗಿ ಗೌರಿ. ಬೆರಳುದ್ದವಿದ್ದಾಗ ತಂದುಬಿಟ್ಟ ಕಾಟ್ಲಾ ಮೀನುಗಳು ಮೂರು ವರ್ಷಕ್ಕೆ ಮೊಳದುದ್ದ ಬೆಳೆದವು. ಸ್ಕೂಲಿನಿಂದ ಬಂದವಳೇ ಗೌರಿ ಅವುಗಳ ಅಳತೆಯನ್ನು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಪಕ್ಕದ ರೆಕ್ಕೆ ಸವರಿದಾಗ ಒರಟಾಗಿದ್ದರೆ ಗಂಡು, ನುಣುಪಾಗಿದ್ದರೆ ಹೆಣ್ಣು — ನನಗೆ ಅದನ್ನು ಕಲಿಸಿದವಳೂ ಅವಳೇ.

ಆ ಮಳೆಗಾಲದಲ್ಲಿ ಹೆಣ್ಣುಮೀನುಗಳ ಹೊಟ್ಟೆ ತುಂಬಿ ಮೆತ್ತಗಾಯಿತು. ಆದರೆ ಕೂಡಿಹಾಕಿದ ನೀರಿನಲ್ಲಿ ಅವು ತಾವಾಗಿ ಮೊಟ್ಟೆ ಇಡುವುದಿಲ್ಲ. ಬೇರೆ ಮೀನಿನ ತಲೆಯೊಳಗಿನ ಸಾಸಿವೆಯಂಥ ಗ್ರಂಥಿಯನ್ನು ಅರೆದು, ಅದರ ರಸವನ್ನು ಇವಕ್ಕೆ ಸೂಜಿಯಲ್ಲಿ ಚುಚ್ಚಬೇಕು. ಆ ಗ್ರಂಥಿಗಳಿದ್ದ ಸ್ಪಿರಿಟ್ ಸೀಸೆಯನ್ನು ಕೃಷ್ಣಗಿರಿಯ ಮೀನು ಇಲಾಖೆಯಿಂದ ಬರುತ್ತಿದ್ದ ಮೇಷ್ಟ್ರು ನಮ್ಮ ಮನೆಯಲ್ಲಿಟ್ಟು, ನೀರು ಸೋಕಿದರೆ ಕೆಡುತ್ತವೆಂದು ನನಗೆ ಎರಡು ಸಲ ಹೇಳಿ ಹೋದರು.

ತಾತ ಆಗ ಕುಡಿಯುತ್ತಿದ್ದರು. ಸೀಸೆಯ ವಾಸನೆ ಸಾರಾಯಿಯ ಹಾಗೇ ಇತ್ತು. ಎಲ್ಲಿ ಕುಡಿದುಬಿಡುತ್ತಾರೋ, ಕುಡಿದರೂ ಜೀವಕ್ಕೇನೂ ಆಗದಿರಲಿ ಎಂದು ಅರ್ಧ ಚೆಲ್ಲಿ ನೀರು ಬೆರೆಸಿದೆ. ಗೊತ್ತಿದ್ದೂ —

ಅದೇ ವಾರ ಗೌರಿ ಮೈನೆರೆದಳು. ನನಗೊಬ್ಬಳಿಗೇ ಹೇಳಿದಳು.

"ಅತ್ತಿಗೆ, ಅವ್ವಂಗೆ ಈಗ್ಲೇ ಹೇಳ್ಬ್ಯಾಡ, ಮೂಲೇಲಿ ಕೂರಿಸ್ಬುಡ್ತಾಳೆ. ಮೀನು ಮೊಟ್ಟೆ ಇಕ್ಕೋದ ನೋಡ್ಬುಟ್ಟು ನಾನೇ ಹೇಳ್ತೀನಿ."

ಆಗಲಿ ಎಂದೆ.

ಮೇಷ್ಟ್ರು ಬಂದು ಸೂಜಿ ಚುಚ್ಚಿ ಎರಡು ದಿನವಾದರೂ ಒಂದೂ ಮೊಟ್ಟೆ ಬೀಳಲಿಲ್ಲ. ತುಂಬಿದ ಹೊಟ್ಟೆಯಲ್ಲೇ ಮೂರು ಹೆಣ್ಣುಮೀನು ಸತ್ತು ತೇಲಿದವು. ಸಾಹುಕಾರರು ಕಟ್ಟೆಯ ಮೇಲೆ ನಿಂತು ತಾತನನ್ನು ಕೇಳಿದರು: "ಕಾವಲಿದ್ದು ಏನ್ಲಾ ಕಾದೆ?"

ಅತ್ತೆಯೂ ಅಲ್ಲೇ ಇದ್ದರು. ಸೀಸೆಯ ಮಾತು ಎಲ್ಲಿ ಬರುತ್ತದೋ ಎಂದು ನಾನೇ ಮುಂದೆ ಬಂದೆ.

"ಗೌರಿ ದೊಡ್ಡೋಳಾಗವ್ಳೆ. ಯಾರ್ಗೂ ಹೇಳ್ದಂಗೆ ನೀರಿಗಿಳುದ್ಲು" ಎಂದುಬಿಟ್ಟೆ.

ಎಲ್ಲರೂ ಅವಳನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ಮರುದಿನದಿಂದ ಸ್ಕೂಲಿಲ್ಲ, ಕೊಳವಿಲ್ಲ. ರಾಗಿ ಕೊಯ್ಲಿಗೆ ಮುಂಚೆಯೇ ಕೃಷ್ಣಗಿರಿಯ ಕಡೆಗೆ ಮದುವೆ ಮಾಡಿ ಕಳಿಸಿದರು. ಹದಿನಾಲ್ಕು ತುಂಬಿತ್ತೋ ಇಲ್ಲವೋ — ನೋಟ್ ಪುಸ್ತಕ ನಮ್ಮ ಅಟ್ಟದ ಮೇಲೇ ಉಳಿಯಿತು.

ತಾತನ ತಿಥಿಗೆ ಬಂದಾಗ, ಪಾತ್ರೆ ತೊಳೆಯುತ್ತಾ ಒಂದೇ ಒಂದು ಸಲ ಕೇಳಿದಳು. "ಅತ್ತಿಗೆ, ಆ ಮೀನು ಆಮೇಲೆ ಮೊಟ್ಟೆ ಇಟ್ವಾ?"

"ಮಾರನೇ ವರ್ಷ ಇಟ್ವು."

"ನಾನಿರ್ಲಿಲ್ವಲ್ಲ, ಅದ್ಕೇ ಇಟ್ವು ಬುಡು."

ಇಷ್ಟು ವರ್ಷವೂ ಅವಳು ಹಾಗೇ ನಂಬಿದ್ದಾಳೆ. ಆಗಲೂ ನಾನು ಮುಂದಿನ ಪಾತ್ರೆ ಎತ್ತಿಕೊಂಡು ಒರೆಸಿದೆ.

ಇದನ್ನು ಬರೆದಿರುವುದು ಅವಳ ಅದೇ ಪುಸ್ತಕದಲ್ಲಿ, ಅಳತೆಗಳು ನಿಂತ ಹಾಳೆಯ ಮುಂದೆ. ನೀವು ಆಮೇಲೆ ಓದಿ, ಮಕ್ಕಳೇ. ಮೊದಲು ನಾಳೆಯ ಬಸ್ಸಿಗೆ ನಾನೇ ಹೋಗಿ ಅವಳ ಕೈಗೆ ಕೊಡುತ್ತೇನೆ. ಅವಳು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ.