ಗುಳಿಗೆ ಕೊಡದ ಆ ಮುಂಜಾನೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಗದಗ ಬಸ್ ನಿಲ್ದಾಣದ ಎದುರಿನ ರಸ್ತೆಯ ನಡುವೆ, ನನ್ನ ಯಜಮಾನರ ಕಾಲು ನಿಂತುಹೋದವು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆ ಮುಂಜಾನೆ ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಅವರ ಗುಳಿಗೆಯ ಹೊತ್ತು ಮೀರಿ ಮೂರು ತಾಸಾಗಿತ್ತು. ಗುಳಿಗೆ ನನ್ನ ಪರ್ಸಿನಲ್ಲೇ ಇತ್ತು. ಬೇಕೆಂದೇ ಕೊಟ್ಟಿರಲಿಲ್ಲ.

ತಾಯಿ ಬನಶಂಕರಿಯನ್ನು ನಂಬಿದವರು ಇದನ್ನು ಓದುತ್ತೀರಿ ಎಂದೇ ನನ್ನ ತಪ್ಪನ್ನು ಮೊದಲು ಬರೆದೆ. ಕೃಪೆಯ ಮಾತು ಆಮೇಲೆ.

ನಮ್ಮದು ಬೆಟಗೇರಿಯ ನೇಕಾರ ಮನೆ. ನನ್ನ ತವರು ಲಕ್ಷ್ಮೇಶ್ವರ. ಬಿ.ಎ., ಬಿ.ಎಡ್. ಮುಗಿಸಿ ಇಲ್ಲಿಯೇ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತೇನೆ. ಯಜಮಾನರಿಗೆ ನಲವತ್ತೇಳು ವರ್ಷ. ನಾಲ್ಕು ವರ್ಷಗಳ ಹಿಂದೆ ಅವರ ಬಲಗೈ ನಡುಗತೊಡಗಿತು, ಮಗ್ಗದ ಲಾಳಿ ಕೈಜಾರತೊಡಗಿತು. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಪಾರ್ಕಿನ್ಸನ್ಸ್ ಎಂಬ ನರರೋಗ ಎಂದರು. ವಾಸಿಯಾಗುವಂಥದ್ದಲ್ಲ. ದಿನಕ್ಕೆ ನಾಲ್ಕು ಸಲ ಗುಳಿಗೆ. ನುಂಗಿದ ಅರ್ಧ-ಮುಕ್ಕಾಲು ತಾಸಿಗೆ ಮೈ ಸಡಿಲಾಗುತ್ತದೆ, ಎರಡು ಮೂರು ತಾಸು ಓಡಾಡುತ್ತಾರೆ, ಮತ್ತೆ ಮೈಯೆಲ್ಲ ಕಟ್ಟಿಗೆ.

ಮಗ್ಗ ನಿಂತು ಒಂದೂವರೆ ವರ್ಷವಾಗಿತ್ತು. ಗುಳಿಗೆ ಹೆಚ್ಚು ದಿನ ಬರಲೆಂದು ಅವರು ನನಗೆ ತಿಳಿಯದಂತೆ ಅರ್ಧ ಮುರಿದು ನುಂಗುತ್ತಿದ್ದುದು ಒಂದು ದಿನ ಗೊತ್ತಾಯಿತು. ಸರಕಾರದ ಅಂಗವಿಕಲರ ಪಿಂಚಣಿ ಸಿಕ್ಕರೆ ಪೂರ್ತಿ ಗುಳಿಗೆ ನುಂಗಬಹುದು. ಅದಕ್ಕೆ ಶೇಕಡ ನಲವತ್ತಕ್ಕೆ ಕಡಿಮೆಯಿಲ್ಲದ ಪ್ರಮಾಣಪತ್ರ ಬೇಕು.

ಮೊದಲ ತಪಾಸಣಾ ಶಿಬಿರಕ್ಕೆ ಅವರು ಹೊರಟದ್ದು ಬೀಗರ ಮನೆಗೆ ಹೊರಟ ಹಾಗೆ. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ದೊಡ್ಡವರ ಮುಂದೆ ನಡುಗಬಾರದೆಂದು ಹೊತ್ತು ನೋಡಿ ಗುಳಿಗೆ ನುಂಗಿ ಹೋದರು. ನಾನೂ ಅತ್ತೆಯವರೂ ಜೊತೆಗಿದ್ದೆವು. ವೈದ್ಯರು ಉದ್ಯೋಗ ಕೇಳಿದರು.

"ಮಗ್ಗ ನಡದೈತ್ರಿ ಸಾಹೇಬ್ರ" ಎಂದರು.

ನಮ್ಮ ಮನೆಯಲ್ಲಿ ಮಗ್ಗ ನಿಂತಿದೆ ಎಂದು ಯಾರೂ ಬಾಯಿಂದ ಆಡುವುದಿಲ್ಲ. ದೀಪ ಆರಿತು ಎನ್ನಬಾರದಲ್ಲ, ಹಾಗೆ. ಅನ್ನ ಕೊಟ್ಟದ್ದಕ್ಕೆ ಅವಮಾನ ಮಾಡಬಾರದು ಎಂದು ಅತ್ತೆಯವರು ಕಲಿಸಿದ ಮಾತು. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ಜೇಡ ಬಲೆ ಕಟ್ಟಿದ್ದರೂ ಕೇಳಿದವರಿಗೆ "ನಡದೈತಿ" ಎಂದೇ ಉತ್ತರ. ವೈದ್ಯರು ಕಂಡದ್ದನ್ನೂ ಕೇಳಿದ್ದನ್ನೂ ಬರೆದರು: ಶೇಕಡ ಮೂವತ್ತು. ಅದರಲ್ಲಿ ಅವರ ತಪ್ಪೇನಿಲ್ಲ.

"ಹಂಗ್ಯಾಕ ಹೇಳಿದ್ರಿ?" ಎಂದು ಹೊರಗೆ ಬಂದು ಕೂಗಾಡಿದೆ.

"ಮತ್ತ ನಿಂತೈತಿ ಅನ್ನಲೇನ? ಅವ್ವ ಬಾಗಲದಾಗ ಕುಂತಿದ್ಲಲ್ಲ, ಕೆರ ತಗೋತಿದ್ಲು!"

ಮರುಪರೀಕ್ಷೆಗೆ ಅರ್ಜಿ ಹಾಕಿದೆ. ಶ್ರಾವಣದ ಒಂದು ಮಂಗಳವಾರ ಗದಗಿನ ಆಸ್ಪತ್ರೆಗೆ ಬರಲು ತಿಳಿಸಿದರು. ಶಾಲೆಯ ಗೆಳತಿಯೊಬ್ಬಳು, "ಅವತ್ತ ಗುಳಿಗಿ ಕೊಡಬ್ಯಾಡ. ಖರೆ ರೋಗ ಅವರ ಕಣ್ಣಿಗಿ ಬೀಳಲಿ" ಎಂದಳು. ಇದರಲ್ಲಿ ಸುಳ್ಳೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಯಜಮಾನರಿಗೆ ಸುಳ್ಳು ಹೇಳಲೇಬೇಕಾಯಿತು.

"ಖಾಲಿ ಹೊಟ್ಟೀಲೆ ಬರ್ರಿ ಅಂದಾರ್ರಿ. ಗುಳಿಗಿನೂ ಬ್ಯಾಡಂತ."

"ಹೌದಾ? ಆತು" ಎಂದರು. ಓದಿದ ಹೆಂಡತಿ ಹೇಳಿದ್ದಲ್ಲವೇ.

ತಪಾಸಣೆ ಮುಗಿಸಿ ಬನಶಂಕರಿ ಗುಡಿಗೆ ಹೋಗೋಣ ಎಂದು ಅತ್ತೆಯವರೂ ಬಾಳೆಹಣ್ಣು, ಕಾಯಿ ಹಿಡಿದು ಬಂದರು. ಬಸ್ಸಿನಿಂದ ಯಜಮಾನರನ್ನು ಇಳಿಸುವಾಗಲೇ ನನಗೆ ಅಳುಕು. ರಸ್ತೆ ಅರ್ಧ ದಾಟಿದೆವು, ನಿಂತರು.

"ಹೆಜ್ಜಿ ಇಡ್ರಿ."

"ಬರವಲ್ದು... ರೇಖಾ, ಕಾಲ ಬರವಲ್ದು."

ಮುಂಡರಗಿ ಕಡೆಯ ಬಸ್ಸೊಂದು ತಿರುವಿನಿಂದ ಬಂತು. ಹಾರ್ನ್ ಹೊಡೆಯಿತು, ಜನ ಸರಿದರು, ನಾವು ಸರಿಯಲಿಲ್ಲ. ನಾನು ಅವರ ರಟ್ಟೆ ಹಿಡಿದು ಎಳೆದೆ. ಎಳೆಯಬಾರದಿತ್ತು. ಮೊಣಕಾಲೂರಿ ಬಿದ್ದರು, ಮೇಲೆ ನಾನು ಬಿದ್ದೆ. ಬ್ರೇಕಿನ ಆ ಕಿರುಚು ಈಗಲೂ ಕಿವಿಯಲ್ಲಿದೆ. ಕಣ್ಣು ತೆರೆದಾಗ ಬಸ್ಸಿನ ಮುಂಭಾಗ ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು.

"ಏ ಯಕ್ಕಾ, ಸಾಯಾಕ ನನ್ನ ಗಾಡಿನ ಬೇಕಿತ್ತೇನ?" ಎಂದು ಚಾಲಕ ಕೂಗಿದ. ಇಳಿದು ಬಂದು ಯಜಮಾನರ ಮುಖ ನೋಡಿದವನೇ ದನಿ ತಗ್ಗಿಸಿದ. "ಕುಡದಿಲ್ಲಲ್ಲ ಇವರು... ಹಿಡೀರಿ, ಹಿಡೀರಿ" ಎಂದು ತಾನೇ ಕಂಕುಳಿಗೆ ಕೈ ಹಾಕಿ ದಂಡೆಯ ಕಟ್ಟೆಗೆ ಹೊತ್ತು ತಂದ.

ಭಯ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಗುಳಿಗೆ ಬಾಯಿಗಿಟ್ಟು ನೀರು ಕುಡಿಸಿದರೆ ನೀರು ತುಟಿಯಂಚಿನಿಂದ ಹೊರಗೆ ಬಂತು. ನೆತ್ತಿಗೇರಿ ಕೆಮ್ಮಿದರು, ಆಮೇಲೆ ಕೆಮ್ಮಲೂ ಆಗಲಿಲ್ಲ. ಗಂಟಲೇ ಕಟ್ಟಿಹೋಗಿತ್ತು. ತುಟಿ ಕಪ್ಪಾದವು. ಇಡೀ ಮೈಯಲ್ಲಿ ಕಣ್ಣು ಮಾತ್ರ ಅಲುಗುತ್ತಿದ್ದವು, ಅವು ನನ್ನನ್ನೇ ನೋಡುತ್ತಿದ್ದವು. ಬೆನ್ನು ಗುದ್ದಿದ ಮೇಲೆ ಗುಳಿಗೆ ಹೊರಗೆ ಬಿದ್ದು ಉಸಿರಾಡಿದರು.

"ಮುಂಜಾನಿ ಗುಳಿಗಿ ಕೊಟ್ಟಿದ್ದೆಲ್ಲವಾ?" ಎಂದು ಅತ್ತೆ ಕೇಳಿದರು.

"ಇಲ್ರೀ ಅತ್ತಿ. ಬೇಕಂತನ ಕೊಡಲಿಲ್ಲ."

ಅವರು ಸೆರಗಿನಿಂದ ಮಗನ ತುಟಿ ಒರೆಸಿದರು. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಆ ಕಟ್ಟೆಯ ಮೇಲೆ ಕುಳಿತೇ ಬೇಡಿಕೊಂಡೆ: ತಾಯೀ, ನನಗೆ ಯಾವ ಪತ್ರವೂ ಬೇಡ. ಒಂದು ಗುಟುಕು ಇಳಿಸು. ಇಷ್ಟೇ.

ಅತ್ತೆ ಚೀಲದಿಂದ ಬಾಳೆಹಣ್ಣು ತೆಗೆದರು.

"ಅದು ದೇವಿಗೆ ತಂದಿದ್ದಲ್ರಿ..."

"ಇವನ ಬಾಯಾಗ ಇಟ್ರ ಆಕೀಗಿ ಮುಟ್ಟತೈತಿ. ತಾ ಇಲ್ಲೆ ಗುಳಿಗಿ."

ಗುಳಿಗೆಯನ್ನು ಪುಡಿ ಮಾಡಿ, ಹಣ್ಣಿನಲ್ಲಿ ನುಣ್ಣಗೆ ಕಿವುಚಿ, ಬೆರಳ ತುದಿಯಷ್ಟು ನಾಲಿಗೆಯ ಮೇಲಿಟ್ಟರು. ಗಂಟಲನ್ನು ಮೇಲಿಂದ ಕೆಳಗೆ ಸವರಿದರು. "ನುಂಗಪಾ. ಕೂಸಿದ್ದಾಗ ಹಿಂಗ ಕಾಡತಿದ್ದಿ ನೀ." ಮೂರನೆಯ ಸಲಕ್ಕೆ ಗಂಟಲು ಅಲುಗಿತು. ಇಳಿಯಿತು.

ಮುಕ್ಕಾಲು ತಾಸಾದ ಮೇಲೆ ಅವರೇ, "ಅವ್ವಾ, ಹೊತ್ತಾತು, ನಡೀರಿ" ಎಂದರು. ಈಗ ಹೋದರೆ ಗುಳಿಗೆ ಮೈಯಲ್ಲಿದೆ, ಮತ್ತೆ ಚೆನ್ನಾಗಿಯೇ ಕಾಣುತ್ತಾರೆ, ಪತ್ರ ಕೈತಪ್ಪಿದಂತೆಯೇ ಎಂದು ಗೊತ್ತಿತ್ತು. ಅವರು ಎದ್ದರೆಂದು ಹೊರಟೆ, ಅಷ್ಟೇ.

ಆಸ್ಪತ್ರೆಯ ತಪಾಸಣಾ ಕೋಣೆಯಲ್ಲಿದ್ದವರು ನಡುವಯಸ್ಸಿನ ವೈದ್ಯೆ. ಕೈ ಚಾಚಿಸಿದರು, ನಡೆಸಿದರು. ಹೆಚ್ಚೇನೂ ಕಾಣಲಿಲ್ಲ. "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು.

ಯಜಮಾನರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆಯವರ ದನಿ ಬಂತು. "ಮಗ್ಗ ನಿಂತೈತ್ರಿ ಬಾಯಾರ. ಅವ ಹೇಳೂದಿಲ್ಲ, ನಾನ ಹೇಳ್ತೀನಿ. ನಿಂತೈತಿ."

ಹಾಗೆಂದು ಸೊಂಟದ ಎಲೆಯಡಿಕೆ ಸಂಚಿಯಿಂದ ನೂಲಿನ ಒಂದು ಲಡಿ ತೆಗೆದು ಮೇಜಿನ ಮೇಲಿಟ್ಟರು. ನಾನು ಅದನ್ನು ಅಲ್ಲಿಯವರೆಗೂ ಕಂಡಿರಲಿಲ್ಲ.

"ಇದೇನಮ್ಮ?"

"ನನಗ ಬರಿಯಾಕ ಬರೂದಿಲ್ರಿ. ದಿನಕ್ಕೊಂದು ಎಳಿ. ಇವನ ಮೈ ಕಟ್ಟಿದಾಗೊಮ್ಮೆ ಒಂದು ಗಂಟು. ಮುಂಜಾನಿದು ಮ್ಯಾಲೆ, ಸಂಜೀದು ಕೆಳಗ. ಬಿದ್ದ ದಿನ ಕೆಂಪ ನೂಲು. ಇಷ್ಟು ಗಂಟು ಬಿಚ್ಚವಾ ಅಂತ ತಾಯಿಗಿ ತೋರಸಬೇಕಿತ್ತು. ಇವತ್ತ ಗುಡಿಗಿ ಒಯ್ಯಾಕ ತಂದೀನಿ."

ವೈದ್ಯೆ ಎಳೆಗಳನ್ನು ಬಿಡಿಸಿ ಹರಡಿದರು. ಪೆನ್ನಿನ ತುದಿಯಿಂದ ಗಂಟುಗಳನ್ನು ಎಣಿಸುತ್ತ ನನ್ನನ್ನು ಗುಳಿಗೆಯ ಹೊತ್ತು ಕೇಳಿದರು. ಹೇಳುತ್ತ ಹೇಳುತ್ತ ಬೆಳಗಿನದನ್ನೂ ಹೇಳಿಬಿಟ್ಟೆ.

"ಟೀಚರ್ ಅಂತೀರಿ! ಈ ಔಷಧಿ ಹಿಂಗ ಬಿಡಿಸಿದ್ರ ಜೀವಕ್ಕ ಅಪಾಯ, ಗೊತ್ತೈತೇನು? ನಮಗ ಹೇಳಿದ್ರ ನಾವ ಎರಡೂ ಹೊತ್ತು ನೋಡ್ತಿದ್ವಿ." ಸಿಟ್ಟು ಇಳಿದ ಮೇಲೆ ಅಂದರು: "ಹೊರಗ ಕುಂಡ್ರಿ. ಗುಳಿಗಿ ಪ್ರಭಾವ ಕಡಿಮಿ ಆಗೋ ಹೊತ್ತಿಗೆ ಮತ್ತ ಕರೀತೀನಿ."

ಮಧ್ಯಾಹ್ನ ಒಂದೂವರೆಗೆ ಕರೆದರು. ಯಜಮಾನರು ಆ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟರು, ದಾಟಲಾಗಲಿಲ್ಲ. ವೈದ್ಯೆ ಕುರ್ಚಿಯಿಂದ ಎದ್ದು ಬಂದು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಕೈ ಹಿಡಿದು ಒಳಗೆ ಕರೆದುಕೊಂಡರು. ಪ್ರಮಾಣಪತ್ರದಲ್ಲಿ ಶೇಕಡ ಐವತ್ತೈದು ಎಂದಿತ್ತು.

ನಾನು ಬೇಡಿದ್ದು ಒಂದು ಗುಟುಕು. ಬೇಡ ಎಂದದ್ದನ್ನೂ ತಾಯಿ ಕೊಟ್ಟಳು. ಅವಳ ಮುಂದೆ ಓದದ ಮುದುಕಿಯೊಬ್ಬಳು ದಿನದಿನವೂ ನಿಜವನ್ನೇ ಇಡುತ್ತಿದ್ದಳು. ಓದಿದ ನಾನು ನಿಜವನ್ನು ಕಾಣಿಸಲು ಒಂದು ಜೀವವನ್ನೇ ಒತ್ತೆಯಿಟ್ಟಿದ್ದೆ. ಇಂಥ ರೋಗಿಗಳಿರುವ ಮನೆಯವರಿಗೆ ಕೈಮುಗಿದು ಹೇಳುತ್ತೇನೆ, ಯಾರು ಏನೇ ಹೇಳಲಿ, ಗುಳಿಗೆ ತಪ್ಪಿಸಬೇಡಿ.

ನಾಡಕಚೇರಿಗೆ ಅರ್ಜಿ ಕೊಟ್ಟು, ಎರಡು ಸಲ ತಿರುಗಿ, ಪಿಂಚಣಿ ಮಂಜೂರಾತಿ ಬರುವವರೆಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ನಾನು ಒಂದೇ ಸಮನೆ ಮಲಗಲಿಲ್ಲ. ಕಣ್ಣು ಹತ್ತಿದರೆ ಬ್ರೇಕಿನ ಸದ್ದು. ಎದ್ದು ಅವರ ಮೂಗಿನ ಬಳಿ ಕೈ ಹಿಡಿದು ಉಸಿರು ನೋಡುವುದು. "ಅದೀನಿ ಬಿಡಲೇ, ಮಲಕೋ" ಎಂದು ಅವರು ಗೊಣಗುವುದು.

ಮಂಜೂರಾತಿ ಪತ್ರ ಗುರುವಾರ ಕೈಗೆ ಬಂತು. ಅತ್ತೆ ಅದನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದರು. ಮರುದಿನ ಶುಕ್ರವಾರ ಆರು ಗಂಟೆಗೆ ಅವರಿಗೆ ಗುಳಿಗೆ ಕೊಟ್ಟು ಮತ್ತೆ ಮಲಗಿದವಳಿಗೆ ಎಚ್ಚರವಾದಾಗ ಬಿಸಿಲು ಪಡಸಾಲೆಯ ನಡುವೆ ಬಂದಿತ್ತು. ಹಾಲಿನವನು ಕೂಗಿ ಕೂಗಿ ಸಾಕಾಗಿ ನಮ್ಮ ಹಾಲನ್ನು ಪಕ್ಕದ ಮನೆಗೆ ಕೊಟ್ಟು ಹೋಗಿದ್ದ.